ಎನ್ಲಾರ್ಜರ್‌ನಲ್ಲಿ ಮುದ್ರಿಸುವಾಗ ನೆಗೆಟಿವ್‌ಗೆ ಗೀರು ಬೀಳದಂತೆ ಕಾಪಾಡುವುದು ಹೇಗೆ?

ಪುಣೆಯ ಮನೆಯಲ್ಲೇ ಡಾರ್ಕ್‌ರೂಮ್ ಮಾಡಿಕೊಂಡು, ನಿಮ್ಮ ತಂದೆಯವರು 1970ರ ದಶಕದಲ್ಲಿ ತೆಗೆದ 35 ಮಿಮೀ ಕಪ್ಪು-ಬಿಳುಪು ನೆಗೆಟಿವ್‌ಗಳನ್ನು ಮುದ್ರಿಸುತ್ತಿರುವುದಾಗಿಯೂ, ಪ್ರತಿ ಸಲವೂ ಒಂದೆರಡು ಹೊಸ ಗೀರುಗಳು ಕಾಣಿಸಿಕೊಳ್ಳುತ್ತಿರುವುದಾಗಿಯೂ ಬರೆದಿದ್ದೀರಿ. ಫಿಲ್ಮ್ ಮೇಲೆ ಬಳಿಯಬಹುದಾದ ರಕ್ಷಣಾ ಲೇಪವಿದೆಯೇ, ಗಾಜಿನ ಕ್ಯಾರಿಯರ್ (ಎನ್ಲಾರ್ಜರ್‌ನಲ್ಲಿ ನೆಗೆಟಿವನ್ನು ಹಿಡಿದಿಡುವ ಚೌಕಟ್ಟು) ಕೊಂಡರೆ ಒಳಿತೇ ಎಂಬುದು ನಿಮ್ಮ ಪ್ರಶ್ನೆ. ಮುಂಬಯಿಯ ದಾದರಿನ ಸ್ಟುಡಿಯೋ ಒಂದರಲ್ಲಿ ಬಹುಕಾಲ ಮುದ್ರಣದ ಕೆಲಸ ಮಾಡಿದವನಾಗಿ ನಾನು ಹೇಳುವುದಿಷ್ಟು: ಲೇಪ ಬೇಡ, ಗಾಜಿನ ಕ್ಯಾರಿಯರ್ ಸದ್ಯಕ್ಕೆ ಬೇಡ. ಎನ್ಲಾರ್ಜರ್ ಎಂದರೆ ನೆಗೆಟಿವ್ ಮೂಲಕ ಬೆಳಕು ಹಾಯಿಸಿ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಮೂಡಿಸುವ ಯಂತ್ರ; ಅದರ ಬೆಳಕಿನಿಂದ ಗೀರು ಬೀಳುವುದಿಲ್ಲ. ಧೂಳು ಕೂತ ಫಿಲ್ಮನ್ನು ಯಾವುದಾದರೊಂದು ಮೇಲ್ಮೈಗೆ ತಗುಲಿಸಿ ಎಳೆದಾಗ ಬೀಳುತ್ತದೆ.

ಲೇಪದ ಯೋಚನೆಯೇನೂ ಹೊಸದಲ್ಲ. 19ನೆಯ ಶತಮಾನದ ಕೊಲೋಡಿಯನ್ ಎಂಬ ಅಂಟುದ್ರವ ಸವರಿ ಮಾಡಿದ ಗಾಜಿನ ನೆಗೆಟಿವ್‌ಗಳಿಗೆ ಸ್ಯಾಂಡರಾಕ್ ರಾಳ ಮತ್ತು ಲ್ಯಾವೆಂಡರ್ ಎಣ್ಣೆ ಬೆರೆಸಿದ ವಾರ್ನಿಷ್ ಬಳಿಯುತ್ತಿದ್ದರು. ಆಗ ಕಾಗದವನ್ನು ನೆಗೆಟಿವ್‌ಗೇ ಒತ್ತಿಟ್ಟು ಬಿಸಿಲಿನಲ್ಲಿ ಮುದ್ರಿಸುತ್ತಿದ್ದುದರಿಂದ, ತೆಳುವಾದ ಕೊಲೋಡಿಯನ್ ಪದರ ಉಜ್ಜಿಹೋಗುವ ಭಯವೂ, ಕಾಗದದಲ್ಲಿದ್ದ ಸಿಲ್ವರ್ ನೈಟ್ರೇಟ್‌ನಿಂದ ಕಲೆ ಬೀಳುವ ಭಯವೂ ಇತ್ತು. ಎನ್ಲಾರ್ಜರ್‌ನಲ್ಲಿ ಕಾಗದ ನೆಗೆಟಿವನ್ನು ಮುಟ್ಟುವುದೇ ಇಲ್ಲ. ಅಲ್ಲದೆ ಫಿಲ್ಮ್ ತಯಾರಕರು ಎಮಲ್ಷನ್ (ಚಿತ್ರ ಮೂಡುವ ಬೆಳ್ಳಿಯ ಪದರ) ಮೇಲೆ ಗಟ್ಟಿಗೊಳಿಸಿದ ಜೆಲಟಿನ್‌ನ ತೆಳು ಪದರವೊಂದನ್ನು ಮೊದಲೇ ಹಾಕಿರುತ್ತಾರೆ. ಅದರ ಮೇಲೆ ಮನೆಯಲ್ಲಿ ಮತ್ತೊಂದು ಲೇಪ ಬಳಿದರೆ, ಹಾರಾಡುವ ಧೂಳನ್ನು ಶಾಶ್ವತವಾಗಿ ಅಂಟಿಸಿಕೊಂಡಂತಾಗುತ್ತದೆ.

ಮೊದಲು ಗೀರು ಯಾವ ಬದಿಯಲ್ಲಿದೆ ಎಂದು ತಿಳಿದುಕೊಳ್ಳಿ. ಮುದ್ರಿತ ಚಿತ್ರವೇ ಅದನ್ನು ಹೇಳುತ್ತದೆ. ಗೆರೆ ಬಿಳಿಯಾಗಿದ್ದರೆ ಗೀರು ಬಹುಮಟ್ಟಿಗೆ ಹೊಳಪಿನ ಬದಿಯಲ್ಲಿ, ಅಂದರೆ ಎಮಲ್ಷನ್‌ಗೆ ಆಧಾರವಾದ ಪ್ಲಾಸ್ಟಿಕ್ ಹಾಳೆಯ (ಬೇಸ್) ಮೇಲೆ, ಇರುತ್ತದೆ; ಅದು ಬೆಳಕನ್ನು ಚದುರಿಸುವುದರಿಂದ ಆ ಜಾಗದಲ್ಲಿ ಕಾಗದಕ್ಕೆ ತಲುಪುವ ಬೆಳಕು ಕಡಿಮೆಯಾಗುತ್ತದೆ. ಗೆರೆ ಕಪ್ಪಾಗಿದ್ದರೆ ಎಮಲ್ಷನ್ನೇ ಕಿತ್ತುಬಂದು ಬೆಳ್ಳಿ ಹೋಗಿದೆ ಎಂದರ್ಥ, ಅದಕ್ಕೆ ನೆಗೆಟಿವ್ ಮೇಲೆ ಮದ್ದಿಲ್ಲ. ಬಿಳಿ ಚುಕ್ಕೆಗಳು ಬರೀ ಧೂಳು.

ಗೀರುಗಳು ಫಿಲ್ಮ್‌ನ ಉದ್ದಕ್ಕೆ ನೇರವಾಗಿ ಓಡುತ್ತಿದ್ದರೆ ನಿಮ್ಮ ಕೈ ಅಭ್ಯಾಸವನ್ನೇ ಅನುಮಾನಿಸಬೇಕು. ಒಂದು ಚಿತ್ರ ಮುಗಿದ ಮೇಲೆ ಮುಂದಿನದಕ್ಕೆ ಹೋಗಲು ಹೆಚ್ಚಿನವರು ಕ್ಯಾರಿಯರ್ ಮುಚ್ಚಿರುವಂತೆಯೇ ಫಿಲ್ಮ್ ಪಟ್ಟಿಯ ತುದಿ ಹಿಡಿದು ಎಳೆಯುತ್ತಾರೆ. ಹೀಗೆ ಎಳೆದಾಗ ಕ್ಯಾರಿಯರ್‌ನ ಎರಡು ಹಲಗೆಗಳ ನಡುವೆ ಸಿಕ್ಕಿದ ಒಂದೇ ಒಂದು ಮರಳಿನ ಕಣ ಇಡೀ ಪಟ್ಟಿಯ ಮೇಲೆ ಗೆರೆ ಎಳೆಯುತ್ತದೆ. ಎನ್ಲಾರ್ಜರ್‌ನ ತಲೆಯನ್ನು ಎತ್ತಿ, ಕ್ಯಾರಿಯರನ್ನು ಹೊರತೆಗೆದು ಪೂರ್ತಿ ತೆರೆದು, ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ಮೇಲೆತ್ತಿ ಸರಿಸಿ, ಮತ್ತೆ ಕೆಳಗಿಡಬೇಕು. ಈ ಕ್ರಮ ಬೇಸರದ್ದು ನಿಜ, ಆದರೆ ಇದಕ್ಕಿಂತ ದೊಡ್ಡ ರಕ್ಷಣೆ ನನಗೆ ಗೊತ್ತಿಲ್ಲ. ಜೊತೆಗೆ ಕ್ಯಾರಿಯರ್‌ನ ಕಿಂಡಿಯ ಅಂಚಿನ ಸುತ್ತ ಸ್ವಲ್ಪ ಹತ್ತಿಯನ್ನು ಸವರಿ ನೋಡಿ. ಎಳೆ ಸಿಕ್ಕಿಕೊಂಡ ಕಡೆ ಲೋಹದ ಮುಳ್ಳು ಎದ್ದಿದೆ. ಅದನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಕ್ಯಾರಿಯರನ್ನು ಚೆನ್ನಾಗಿ ತೊಳೆದು ಒಣಗಿಸಿ ಬಳಸಿ.

ಧೂಳಿನ ವಿಷಯದಲ್ಲಿ ನಿಮ್ಮ ಊರಿನ ತೊಂದರೆಯೂ ನಮ್ಮೂರಿನದೂ ಬೇರೆಬೇರೆ. ಪುಣೆಯ ಏಪ್ರಿಲ್ ತಿಂಗಳ ಒಣ ಮಧ್ಯಾಹ್ನದಲ್ಲಿ ಫಿಲ್ಮನ್ನು ಅದನ್ನಿಡುವ ಪ್ಲಾಸ್ಟಿಕ್ ತೋಳಿನಿಂದ (ಸ್ಲೀವ್) ಹೊರಗೆ ಸರ್ರನೆ ಎಳೆದರೆ ಸ್ಥಿರವಿದ್ಯುತ್ ಹುಟ್ಟಿ ಸುತ್ತಲಿನ ಧೂಳೆಲ್ಲ ಅಂಟುತ್ತದೆ. ಆದ್ದರಿಂದ ನಿಧಾನವಾಗಿ ಎಳೆಯಿರಿ, ನೆಲವನ್ನು ಒದ್ದೆಬಟ್ಟೆಯಿಂದ ಒರೆಸಿ, ಎನ್ಲಾರ್ಜರ್‌ನ ಲೋಹದ ಭಾಗಕ್ಕೆ ಅರ್ಥಿಂಗ್ ಇದೆಯೇ ನೋಡಿಕೊಳ್ಳಿ. ಮುಂಬಯಿಯ ಮಳೆಗಾಲದಲ್ಲಾದರೋ ಗಾಳಿಯ ತೇವಾಂಶ ಅನೇಕ ದಿನ ಶೇಕಡಾ 80 ಮೀರುತ್ತದೆ. ಜೆಲಟಿನ್ ನೀರು ಹೀರಿ ಮೆತ್ತಗಾಗಿ, ಬೇಸಿಗೆಯಲ್ಲಿ ಏನೂ ಆಗದ ಸ್ಪರ್ಶಕ್ಕೂ ಗುರುತು ಮೂಡುತ್ತದೆ, ಪ್ಲಾಸ್ಟಿಕ್ ತೋಳಿಗೆ ಒತ್ತಿ ಅಂಟಿದ ಕಡೆ ಹೊಳೆಯುವ ಮಚ್ಚೆ ಬೀಳುತ್ತದೆ, ಬೂಷ್ಟೂ ಹಿಡಿಯುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹಳೆಯ ನೆಗೆಟಿವ್‌ಗಳನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲೇ ಬಿಟ್ಟುಬಿಡುವುದು ನನ್ನ ಪದ್ಧತಿ.

ಧೂಳು ತೆಗೆಯಲು ರಬ್ಬರ್ ಬ್ಲೋವರ್ ಸಾಕು. ಹೋಗದಿದ್ದರೆ ಮೆತ್ತನೆಯ ಕುಂಚ, ಅದರ ಕೂದಲನ್ನು ಬೆರಳಿನಿಂದ ಮುಟ್ಟಕೂಡದು. ಅಂಗಿಯ ಅಂಚು ಎಂದಿಗೂ ಬೇಡ. ಬೆರಳಚ್ಚು ಇದ್ದರೆ ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒಂದೇ ದಿಕ್ಕಿಗೆ ಹಗುರವಾಗಿ ಒರೆಸಿ. ಔಷಧಿ ಅಂಗಡಿಯ ಶೇಕಡಾ 70ರದ್ದರಲ್ಲಿ ನೀರಿರುವುದರಿಂದ ಎಮಲ್ಷನ್ ಉಬ್ಬುತ್ತದೆ.

ಗಾಜಿನ ಕ್ಯಾರಿಯರ್ ಫಿಲ್ಮನ್ನು ಸಮತಟ್ಟಾಗಿಡುತ್ತದೆ, ದೀಪದ ಶಾಖಕ್ಕೆ ಅದು ನಡುವೆ ಉಬ್ಬಿ ಫೋಕಸ್ ತಪ್ಪುವುದನ್ನು ತಡೆಯುತ್ತದೆ. ಆದರೆ ಫಿಲ್ಮ್‌ನ ಎರಡು ಮುಖಗಳ ಜೊತೆಗೆ ಗಾಜಿನ ನಾಲ್ಕು ಮುಖಗಳೂ ಸೇರಿ ಒಟ್ಟು ಆರು ಮುಖಗಳನ್ನು ಸ್ವಚ್ಛವಾಗಿಡಬೇಕಾಗುತ್ತದೆ. ಹೊಳಪಿನ ಬದಿ ಗಾಜಿಗೆ ತಗುಲಿದಲ್ಲಿ ನ್ಯೂಟನ್ ಉಂಗುರಗಳೆಂಬ ಬಳೆಬಳೆಯಾದ ಗೆರೆಗಳು ಬೇರೆ ಮೂಡುತ್ತವೆ. 35 ಮಿಮೀ ಫಿಲ್ಮ್‌ಗೆ ದೀಪ ಹಚ್ಚಿ ಒಂದು ನಿಮಿಷ ಕಾದು, ಉಬ್ಬುವಷ್ಟು ಉಬ್ಬಿದ ಮೇಲೆ ಫೋಕಸ್ ಮಾಡಿದರೆ ಗಾಜಿಲ್ಲದೆಯೇ ಕೆಲಸ ನಡೆಯುತ್ತದೆ.

ಈಗಾಗಲೇ ಬಿದ್ದಿರುವ ಬಿಳಿ ಗೆರೆಗಳಿಗೆ ಉಪಾಯವಿದೆ. ಒರಟು ಗಾಜಿಗೆ ನೀರು ಸವರಿದರೆ ಆಚೆಗಿನದು ಕಾಣುವಂತೆ, ಬೇಸ್ ಮೇಲಿನ ಗೀರನ್ನು ಫಿಲ್ಮ್‌ನಷ್ಟೇ ವಕ್ರೀಭವನ ಸೂಚ್ಯಂಕವಿರುವ, ಅಂದರೆ ಬೆಳಕನ್ನು ಅಷ್ಟೇ ಬಾಗಿಸುವ, ವಸ್ತುವಿನಿಂದ ತುಂಬಿದರೆ ಬೆಳಕು ಚದುರದೆ ಗೆರೆ ಮಾಯವಾಗುತ್ತದೆ. ಟ್ರಯಾಸಿಟೇಟ್ ಎಂಬ ಪ್ಲಾಸ್ಟಿಕ್‌ನ ಬೇಸ್‌ನ ಸೂಚ್ಯಂಕ ಸುಮಾರು 1.48, ಪೆಟ್ರೋಲಿಯಂ ಜೆಲ್ಲಿಯದೂ ಅದರ ಆಸುಪಾಸಿನದೇ. ಹಳೆಯ ಮುದ್ರಕರು ಮೂಗಿನ ಪಕ್ಕದ ಜಿಡ್ಡನ್ನೇ ಬೆರಳಿಗೆ ತೆಗೆದುಕೊಂಡು ಸವರುತ್ತಿದ್ದರು. ಕೇಳಲು ಅಸಹ್ಯವಾದರೂ ಅದು ಕೆಲಸ ಮಾಡುತ್ತದೆ. ಸಿನಿಮಾ ಲ್ಯಾಬ್‌ಗಳಲ್ಲಿ ಇದೇ ತತ್ವದ ಮೇಲೆ ಫಿಲ್ಮನ್ನು ಪರ್ಕ್ಲೋರೋಎಥಿಲೀನ್ ದ್ರವದಲ್ಲಿ ಮುಳುಗಿಸಿಯೇ ಮುದ್ರಿಸುವ ಯಂತ್ರಗಳಿರುತ್ತವೆ, ಆದರೆ ಅದರ ಆವಿ ಆರೋಗ್ಯಕ್ಕೆ ಕೆಟ್ಟದ್ದಾದ್ದರಿಂದ ಮನೆಯಲ್ಲಿ ಬಳಸುವ ಮಾತೇ ಇಲ್ಲ. ಯಾವ ಜಿಡ್ಡಾದರೂ ಹೊಳಪಿನ ಬದಿಗೆ ಮಾತ್ರ, ಕೂದಲೆಳೆಯಷ್ಟು ತೆಳುವಾಗಿ. ಮುದ್ರಣ ಮುಗಿದ ಕೂಡಲೇ ಒರೆಸಿ ತೆಗೆಯಿರಿ.

ಸಿನಿಮಾದವರಿಂದ ಕಲಿಯಬೇಕಾದದ್ದು ಇನ್ನೊಂದಿದೆ. ಚಿತ್ರಮಂದಿರಗಳಿಗೆ ಹೋಗುವ ನೂರಾರು ಪ್ರತಿಗಳನ್ನು ಅವರು ಮೂಲ ನೆಗೆಟಿವ್‌ನಿಂದ ತೆಗೆಯುತ್ತಿರಲಿಲ್ಲ. ಅದರಿಂದ ಒಂದು ಪಾಸಿಟಿವ್, ಅದರಿಂದ ಮತ್ತೊಂದು ನೆಗೆಟಿವ್ ಮಾಡಿಕೊಂಡು, ಸವೆತವನ್ನೆಲ್ಲ ಆ ನಕಲಿನ ಮೇಲೆ ಹಾಕುತ್ತಿದ್ದರು. ನೀವೂ ಬೇಕಾದ ಗಾತ್ರದ ಪ್ರತಿಗಳನ್ನೆಲ್ಲ ಒಂದೇ ಸಲ ಕೂತು ಮುದ್ರಿಸಿ, ಮುಂಚೆಯೇ ಒಂದು ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಹಾಗೆ ಮಾಡುವಾಗ ಪ್ರತಿಯೊಂದು ಡಬ್ಬಿಯನ್ನೂ ಮೂಸಿ ನೋಡಿ. ಹುಳಿ ವಿನಿಗರ್ ವಾಸನೆ ಬಂದರೆ ಅಸಿಟೇಟ್ ಬೇಸ್ ಕೊಳೆಯತೊಡಗಿದೆ. ಆ ಪಟ್ಟಿಗಳನ್ನು ಕ್ಯಾರಿಯರ್‌ನಲ್ಲಿ ಒತ್ತಿಡಲು ಹೋಗದೆ, ಲೈಟ್‌ಬಾಕ್ಸ್ ಮೇಲಿಟ್ಟು ಕ್ಯಾಮೆರಾದಿಂದ ನಕಲು ತೆಗೆದುಕೊಂಡು, ಆವಿ ತಗುಲಿ ಉಳಿದವೂ ಕೆಡದಂತೆ ಬೇರೆ ಡಬ್ಬಿಯಲ್ಲಿ ಇಡಿ.