ಕೆಲವು ಮಾತುಗಳು ಅಂದರೆ ಯಾವುವು?

ಮಾನ್ಯರೇ,

‘ಬೌಡ್ಲರೈಸ್’ ಎಂಬ ಇಂಗ್ಲಿಷ್ ಕ್ರಿಯಾಪದದ ಬಗ್ಗೆ ನೀವು ಕಳಿಸಿದ ಲೇಖನ ತಲುಪಿತು. ಭಾಷೆ ಚೊಕ್ಕವಾಗಿದೆ, ಕಾಗುಣಿತದ ತಪ್ಪು ಹುಡುಕಿದರೂ ಸಿಗಲಿಲ್ಲ, ವಿಷಯವೂ ಅಪರೂಪದ್ದು. ಆದರೂ ಎರಡನೇ ಪುಟ ಮುಗಿಯುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು.

‘ಕೃತಿಯೊಂದರಲ್ಲಿ ಅಶ್ಲೀಲವೆಂದು ತೋರಿದ್ದನ್ನೆಲ್ಲ ಕತ್ತರಿಸಿ ಹಾಕುವುದು’ ಎಂದು ಅರ್ಥ ಕೊಟ್ಟಿದ್ದೀರಿ. ಸರಿ. ಮುಂದಿನ ವಾಕ್ಯ: ‘ಷೇಕ್ಸ್‌ಪಿಯರನ ನಾಟಕಗಳಿಂದ ಬೌಡ್ಲರ್ ಅವರು ಕೆಲವು ಅಸಭ್ಯ ಮಾತುಗಳನ್ನು ತೆಗೆದುಹಾಕಿದರು.’ ಕೆಲವು ಅಂದರೆ ಯಾವುವು ಸ್ವಾಮಿ? ಆರು ಪುಟದಲ್ಲಿ ಒಂದಾದರೂ ಬೇಡವೇ? ಕತ್ತರಿ ಹಾಕಿದವರ ಕುರಿತ ಲೇಖನಕ್ಕೆ ನೀವೇ ಕತ್ತರಿ ಹಾಕಿ ಕಳಿಸಿದ್ದೀರಿ.

‘ಒಥೆಲೊ’ದ ಮೊದಲ ದೃಶ್ಯ ತೆಗೆದು ನೋಡಿ. ಖಳನಾಯಕ ಇಯಾಗೋ ನಡುರಾತ್ರಿ ಒಬ್ಬ ಅಪ್ಪನನ್ನು ಎಬ್ಬಿಸಿ, ‘ನಿನ್ನ ಮಗಳೂ ಆ ಮೂರನೂ ಈಗ ಎರಡು ಬೆನ್ನಿನ ಮೃಗವಾಗಿದ್ದಾರೆ’ ಎನ್ನುತ್ತಾನೆ. (‘ಮೂರ’ ಅಂದರೆ ಉತ್ತರ ಆಫ್ರಿಕಾ ಮೂಲದವನು, ಇಲ್ಲಿ ಒಥೆಲೊ.) ಬೌಡ್ಲರ್ ಆವೃತ್ತಿಯಲ್ಲಿ ಅದು ‘ನಿನ್ನ ಮಗಳೂ ಮೂರನೂ ಈಗ ಒಟ್ಟಿಗಿದ್ದಾರೆ’ ಎಂದಾಗಿದೆ. ಕೂತು ಚದುರಂಗ ಆಡುತ್ತಿರಬೇಕು ಎಂದುಕೊಂಡು ಅಪ್ಪ ಮತ್ತೆ ಮಲಗಬಹುದು! ಮೂಲಕ್ಕೆ ಏನನ್ನೂ ಸೇರಿಸಿಲ್ಲ, ಮನೆಮಂದಿಯ ನಡುವೆ ಗಟ್ಟಿಯಾಗಿ ಓದಲಾಗದ ಮಾತುಗಳನ್ನಷ್ಟೇ ಬಿಟ್ಟಿದೆ ಎಂದು ಆ ಪುಸ್ತಕದ ಶೀರ್ಷಿಕೆ ಪುಟವೇ ಸಾರುತ್ತದೆ. ಹಾಗಾದರೆ ಈ ‘ಒಟ್ಟಿಗೆ’ ಯಾರದ್ದು? ಇಷ್ಟೆಲ್ಲ ತೊಳೆದರೂ ಆ ನಾಟಕ ಶುದ್ಧವಾಗಲಿಲ್ಲ. ಅದನ್ನು ಪಡಸಾಲೆಯಿಂದ ಒಳಕೋಣೆಗೆ ಸಾಗಿಸಿ ಎಂದು ಬೌಡ್ಲರನೇ ಕೈಚೆಲ್ಲಿದ. ಇದೆಲ್ಲ ಬರಬೇಕಾದ ಜಾಗದಲ್ಲಿ ‘ಶ್ಲೀಲಾಶ್ಲೀಲಗಳ ಚರ್ಚೆ ಅನಾದಿ ಕಾಲದಿಂದಲೂ ನಡೆದುಬಂದಿದೆ’ ಎಂದು ಒಂದು ಪುಟ ತುಂಬಿಸಿದ್ದೀರಿ.

‘1818ರಲ್ಲಿ ಥಾಮಸ್ ಬೌಡ್ಲರ್ ಎಂಬ ವೈದ್ಯರು ಈ ಕಾರ್ಯಕ್ಕೆ ನಾಂದಿ ಹಾಡಿದರು’ ಎಂಬುದು ತಪ್ಪು. 1807ರಲ್ಲೇ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ 20 ನಾಟಕಗಳ ಮೊದಲ ಆವೃತ್ತಿ ಬಂದಿತ್ತು. ಕತ್ತರಿ ಹಿಡಿದವಳು ಅವನ ಅಕ್ಕ ಹೆನ್ರಿಯೆಟಾ. ಪುಸ್ತಕದ ಮೇಲೆ ಅವಳ ಹೆಸರಿರಲಿಲ್ಲ. ಮದುವೆಯಾಗದ ಹೆಂಗಸು, ಆ ಮಾತುಗಳ ಅರ್ಥ ತನಗೆ ಗೊತ್ತೆಂದು ಆ ಕಾಲದಲ್ಲಿ ಒಪ್ಪಿಕೊಳ್ಳುವುದಾದರೂ ಹೇಗೆ? 1818ರಲ್ಲಿ ತಮ್ಮನ ಹೆಸರು ಹೊತ್ತು 36 ನಾಟಕಗಳು ಬಂದವು. 1825ರಲ್ಲಿ ಅವನು ತೀರಿಕೊಂಡ. 1836ರ ಹೊತ್ತಿಗೆ ಅವರ ಮನೆತನದ ಹೆಸರೇ ಕ್ರಿಯಾಪದವಾಗಿ ಅಚ್ಚಾಗಿತ್ತು. ಅಕ್ಕನನ್ನು ಬಿಟ್ಟು ಈ ಪದದ ಹುಟ್ಟು ಹೇಳಲು ಬರುವುದಿಲ್ಲ. ನೀವು ಅವಳನ್ನೂ ಕತ್ತರಿಸಿದ್ದೀರಿ.

ನನ್ನ ಸಿಟ್ಟಿಗೆ ಹಳೆಯ ಕಾರಣವೊಂದಿದೆ. ಉಪಸಂಪಾದಕನಾಗಿ ಸೇರಿದ ಹೊಸತು. ಕಥೆಯೊಂದರಲ್ಲಿ ಹೆಂಡತಿ ಗಂಡನನ್ನು ಅರ್ಧ ಪುಟ ಬೈಯುತ್ತಾಳೆ. ನಾನು ಅಷ್ಟನ್ನೂ ಹೊಡೆದು ಹಾಕಿ ‘ಅವಳು ಬಾಯಿಗೆ ಬಂದಂತೆ ಬೈದಳು’ ಎಂದು ತಿದ್ದಿದೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯನ್ನು ಕಾಪಾಡಿದ ಹೆಮ್ಮೆ ಬೇರೆ. ಸಂಪಾದಕರು ಒಂದು ಮಾತೂ ಆಡಲಿಲ್ಲ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಏನಂತ?’ ಎಂದು ಬರೆದು ವಾಪಸು ಕಳಿಸಿದರು. ಬೈಗುಳವನ್ನು ಒಂದೊಂದೇ ಅಕ್ಷರವಾಗಿ ಮತ್ತೆ ನಕಲು ಮಾಡುತ್ತ ಕೂತೆ. ನಡುವೆ ಒಂದು ಕಡೆ, ಅದೇ ಏರುದನಿಯಲ್ಲಿ, ಉಂಡಿದ್ದೀಯೋ ಇಲ್ಲವೋ ಎಂದು ಅವಳು ಅವನನ್ನು ಕೇಳಿದ್ದಳು. ಹೊಡೆದು ಹಾಕುವಾಗ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ನಿಮ್ಮ ಹಸ್ತಪ್ರತಿ ಈ ಪತ್ರದ ಜೊತೆಗಿದೆ. ಎರಡನೇ ಪುಟದ ಅಂಚು ನೋಡಿ.