ಗಾಜಿನ ಕೋಣೆಯನ್ನು ಏನು ಮಾಡಲಿ?

ಪ್ರಶ್ನೆ: ನಮ್ಮ ಮನೆಯ ಮೊದಲ ಮಹಡಿಯಲ್ಲಿ, ಹಾಲ್‌ಗೆ ಹೊಂದಿಕೊಂಡು ಪಶ್ಚಿಮಕ್ಕೆ ಮುಖ ಮಾಡಿದ ಗಾಜಿನ ಕೋಣೆಯಿದೆ. ಮಾವನವರು ಆಸೆಪಟ್ಟು ಕಟ್ಟಿಸಿದ್ದು, ಸೂರಿಗೂ ಗಾಜೇ. ಈಗ ಅಲ್ಲಿ ಬಟ್ಟೆ ಒಣಗುತ್ತದೆ, ಮನುಷ್ಯರು ಕೂರಲಾರರು. ಗಾಜು ತೆಗೆಸಿ, ಮೇಲೆ ಪಾಲಿಕಾರ್ಬೊನೇಟ್ ಶೀಟು ಹಾಕಿಸಿ, ಸಂಜೆ ಕೂರುವ ಜಾಗ ಮಾಡೋಣ ಎನ್ನುತ್ತಾರೆ ನಮ್ಮ ಯಜಮಾನರು. ಸರಿಯೇ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಗಾಜು ತೆಗೆಸಿ. ಪಾಲಿಕಾರ್ಬೊನೇಟ್ ಬೇಡ. ಬೆಳಕು ಇಳಿಯುವ ಸೂರಿನ ಕೆಳಗೆ ಒಳ್ಳೆಯ ನೆರಳು ಎಲ್ಲಿಂದ ಬರಬೇಕು? ಮೇಲಾಗಿ, ಜೋರು ಮಳೆಯಲ್ಲಿ ಅದರ ಕೆಳಗೆ ಕುಳಿತವರ ಮಾತು ಪಕ್ಕದವರಿಗೆ ಕೇಳಿಸುವುದಿಲ್ಲ.

ಯಜಮಾನರ ಗಮನವೆಲ್ಲ ಸೂರಿನ ಮೇಲಿದೆ. ನಾನಾದರೆ ಪಶ್ಚಿಮದ ಬದಿಯಿಂದ ಶುರು ಮಾಡುತ್ತೇನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ನಿಜ. ಆ ಹೊತ್ತಿಗೆ ಅಲ್ಲಿ ಯಾರೂ ಕೂರುವುದಿಲ್ಲ. ನೀವು ಕಾಫಿ ಲೋಟ ಹಿಡಿದು ಬರುವಾಗ ಬಿಸಿಲು ಓರೆಯಾಗಿ, ಸೂರಿನ ಕೆಳಗೆ ನುಸುಳಿ ನೇರವಾಗಿ ಮುಖಕ್ಕೆ ಹೊಡೆಯುತ್ತದೆ. ಜೂನ್ ಬಂತೆಂದರೆ ಮುಂಗಾರಿನ ಗಾಳಿಯೂ ಆ ಕಡೆಯಿಂದಲೇ. ಹಾಗಾಗಿ ಅಲ್ಲಿ ಸುತ್ತಿ ಇಳಿಸುವ ಬಿದಿರಿನ ಪರದೆ ಹಾಕಿಸಿ. ಇಲ್ಲವೇ ಬಸವನಗುಡಿ, ಮಲ್ಲೇಶ್ವರದ ಹಳೆಯ ಬಂಗಲೆಗಳಲ್ಲಿ ಇರುವಂಥ ಮರದ ಜಾಲರಿ ಮಾಡಿಸಿ, ಕುಂಡದಿಂದ ಶಂಖಪುಷ್ಪ ಹಬ್ಬಿಸಿ. ಉಳಿದ ಬದಿಗಳನ್ನು ಮುಚ್ಚಬೇಡಿ. ಅರ್ಧೆತ್ತರದ ಕಟಾಂಜನ ಸಾಕು.

ಸೂರಿಗೆ ನನ್ನ ಆಯ್ಕೆ ಮಂಗಳೂರು ಹೆಂಚು. ಆದರೆ ಒಂದೊಂದು ಹೆಂಚೂ ಎರಡು ಕಿಲೋಗಿಂತ ಹೆಚ್ಚು ತೂಗುತ್ತದೆ. ಗಾಜು ಹೊತ್ತಿದ್ದ ಅಲ್ಯೂಮಿನಿಯಂ ಚೌಕಟ್ಟನ್ನು ನಂಬದೆ ಕಬ್ಬಿಣದ ಕಂಬ ನಿಲ್ಲಿಸಿ. ಕಂಬದ ಭಾರ ಕೆಳಗೆ ಎಲ್ಲಿ ಬೀಳುತ್ತದೆ ಎಂದು ಮೊದಲೇ ಇಂಜಿನಿಯರ್‌ಗೆ ತೋರಿಸಿ.

ಇನ್ನು, ಗುತ್ತಿಗೆದಾರರು ತಾವಾಗಿ ಹೇಳದ ಮಾತೊಂದಿದೆ: ಗಾಜು ಹೋದ ದಿನವೇ ಹಾಲ್‌ನ ಒಳಬಾಗಿಲು ಹೊರಬಾಗಿಲಾಗುತ್ತದೆ. ತೆಳು ಪ್ಲೈವುಡ್ ಬಾಗಿಲಾದರೆ ಮೊದಲ ಮಳೆಗಾಲಕ್ಕೇ ಉಬ್ಬುತ್ತದೆ, ಕಳ್ಳನಿಗೂ ಅಡ್ಡಿಯಲ್ಲ. ಗಟ್ಟಿ ಬಾಗಿಲು, ಒಳ್ಳೆಯ ಬೀಗ, ಎತ್ತರದ ಹೊಸ್ತಿಲು ಬೇಕು. ನೆಲ ಹಾಲ್‌ನ ಮಟ್ಟಕ್ಕೇ ಇದ್ದರೆ ಎರಚಲು ನೀರು ಸೀದಾ ಸೋಫಾದ ಕೆಳಗೆ ಹೋಗುತ್ತದೆ. ನುಣುಪು ಟೈಲ್ಸ್ ಕಿತ್ತು, ಎಂಟು ಅಡಿಗೆ ಒಂದು ಇಂಚಿನಂತೆ ಹೊರಗೆ ವಾಟ ಕೊಟ್ಟು, ಒರಟು ಕಲ್ಲು ಹಾಸಿಸಿ. ಸ್ವಿಚ್‌ಗಳನ್ನು ಹಾಲ್‌ನ ಒಳಗೋಡೆಗೆ ಸರಿಸಿ.

ಜನವರಿಯಲ್ಲಿ ಕೆಲಸ ಹಿಡಿಸಿದರೆ ಏಪ್ರಿಲ್‌ನ ಆಲಿಕಲ್ಲು ಮಳೆಗೆ ಮೊದಲು ಮುಗಿಯುತ್ತದೆ. ಕಿತ್ತ ಅಲ್ಯೂಮಿನಿಯಂ ನಿಮ್ಮದು. ಕೂಲಿಯ ಲೆಕ್ಕದಲ್ಲಿ ಅದನ್ನು ಸುಮ್ಮನೆ ಬಿಟ್ಟುಕೊಡದೆ, ಗುಜರಿಯವರಲ್ಲಿ ತೂಕ ಹಾಕಿಸಿ.