ಆಡುಸೋಗೆ: ಹಿಂಡಿದರೂ ರಸ ಬಾರದ ಎಲೆ

ಪ್ರಶ್ನೆ: ಕಫಕ್ಕೆಂದು ಇಪ್ಪತ್ತು ಆಡುಸೋಗೆ ಎಲೆ ಜಜ್ಜಿದರೂ ಹಸಿರು ಮುದ್ದೆಯಷ್ಟೇ ಉಳಿಯುತ್ತದೆ, ರಸ ಬರುವುದಿಲ್ಲ. ನೀರು ಹಾಕಿ ರುಬ್ಬಬಹುದೇ? ಎಷ್ಟು ಕುಡಿಯಬೇಕು? (ಕುಮಟಾದ ಓದುಗರು)

ಉತ್ತರ: ನೀರು ಹಾಕಬೇಡಿ. ರಸ ಹೆಚ್ಚಾದಂತೆ ಕಾಣುತ್ತದೆ, ಆದರೆ ಚಮಚದ ಅಳತೆ ಸುಳ್ಳಾಗುತ್ತದೆ. ದೊಡ್ಡಪತ್ರೆಯನ್ನು ಹಿಂಡಿದ ಹಾಗೆ ಆಡುಸೋಗೆಯನ್ನು ಹಸಿಯಾಗಿ ಹಿಂಡಲು ಬರುವುದಿಲ್ಲ. ಶಾಖ ತಾಗಿ ಎಲೆ ಬಾಡಿದ ಮೇಲೆಯೇ ಅದು ರಸ ಬಿಡುವುದು. ಆಯುರ್ವೇದದಲ್ಲಿ ಇದಕ್ಕೆ ಪುಟಪಾಕ, ಅಂದರೆ ಮುದ್ದೆಯನ್ನು ಎಲೆಯಲ್ಲಿ ಸುತ್ತಿ ಶಾಖದಲ್ಲಿ ಬೇಯಿಸಿ ಹಿಂಡುವ ಕ್ರಮ, ಹೇಳಿದ್ದು ಅದಕ್ಕೇ.

ಬಲಿತ, ಗಾಢ ಹಸಿರಿನ ಹತ್ತು ಹನ್ನೆರಡು ಎಲೆ ಸಾಕು. ಹುಳ ತಿಂದದ್ದು, ಹಳದಿ ತಿರುಗಿದ್ದು ಬೇಡ. ತೊಳೆದು, ಬಟ್ಟೆಯಲ್ಲಿ ಒರೆಸಿ, ನಡುವಿನ ದಪ್ಪ ನರ ಕಿತ್ತು ಜಜ್ಜಿ. ಮುದ್ದೆಯನ್ನು ಬಾಡಿಸಿದ ಬಾಳೆಎಲೆಯಲ್ಲಿ ಎರಡು ಸುತ್ತು ಸುತ್ತಿ, ಬಾಳೆನಾರಿನಿಂದ ಕಟ್ಟಿ ಬಚ್ಚಲೊಲೆಯ ಬಿಸಿಬೂದಿಯಲ್ಲಿ ಹುಗಿಯಿರಿ. ಹೊರಗಿನ ಸುತ್ತು ಕಂದಿ, ಕಟ್ಟಿನ ಸಂದಿಯಿಂದ ಹಬೆ ಬರತೊಡಗಿದಾಗ ತೆಗೆಯಿರಿ. ಕೆಂಡದ ಮೇಲೆಯೇ ಇಟ್ಟರೆ ಎಲೆ ಸುಟ್ಟು ರಸಕ್ಕೆ ಕಮಟು ಹತ್ತುತ್ತದೆ. ಗ್ಯಾಸ್ ಒಲೆಯ ಮನೆಯವರು ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಬೇಯಿಸಿದರೂ ಆದೀತು, ಹಬೆಯ ನೀರು ಮುದ್ದೆಗೆ ಸೇರದಂತೆ ಮುಚ್ಚಿಡಬೇಕು ಅಷ್ಟೆ. ಕೈ ತಾಳುವಷ್ಟು ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಹಿಂಡಿ. ಒಂದೆರಡು ಟೀ ಚಮಚ ಬಂದರೂ ನಿರಾಶರಾಗಬೇಡಿ. ಒಂದು ಹೊತ್ತಿಗೆ ಬೇಕಾದದ್ದೇ ಅಷ್ಟು.

ದೊಡ್ಡವರಿಗೆ ದಿನಕ್ಕೆ 10ರಿಂದ 20 ಮಿ.ಲೀ., ಎರಡು ಹೊತ್ತಿಗೆ ಹಂಚಿ. ಪೂರ್ತಿ ಆರಿದ ಮೇಲೆ ಒಂದು ಚಮಚ ಜೇನು ಬೆರೆಸಿ. ಜೇನಿಲ್ಲದಿದ್ದರೆ ಜೋನಿಬೆಲ್ಲ ನಡೆಯುತ್ತದೆ, ಸಕ್ಕರೆ ಕಾಯಿಲೆಯವರಿಗೆ ಎರಡೂ ಬೇಡ. ಕಹಿ ವಿಪರೀತ, ಹೆಚ್ಚು ಕುಡಿದರೆ ಬೇಗ ಗುಣ ಅಂದುಕೊಂಡವರು ವಾಂತಿ, ಭೇದಿ ಮಾಡಿಕೊಳ್ಳುತ್ತಾರೆ. ಒಂದು ವರ್ಷದೊಳಗಿನ ಮಗುವಿಗೆ ಜೇನನ್ನು ನೆಕ್ಕಿಸಲೂ ಬಾರದು. ಸಣ್ಣ ಮಕ್ಕಳಿಗೆ ರಸದ ಅಳತೆಯನ್ನು ವೈದ್ಯರೇ ಹೇಳಬೇಕು.

ಇದು ಕಟ್ಟಿದ ಕಫವನ್ನು ಸಡಿಲಿಸುವ ಮದ್ದು. ಗಂಟಲು ಕೆರೆತದ ಒಣಕೆಮ್ಮಿಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಎಲೆಯಲ್ಲಿರುವ ಮುಖ್ಯ ಅಂಶ ವ್ಯಾಸಿಸಿನ್. ಕಫದ ಸಿರಪ್ಪುಗಳಲ್ಲಿರುವ ಬ್ರೋಮ್‌ಹೆಕ್ಸಿನ್ ಎಂಬ ಔಷಧವನ್ನು ಇದರ ಜಾಡು ಹಿಡಿದೇ ತಯಾರಿಸಿದ್ದು, 1960ರ ದಶಕದಲ್ಲಿ ಬಳಕೆಗೆ ಬಂತು. ಹಾಗಾಗಿ ಬೆಳಿಗ್ಗೆ ಆ ಸಿರಪ್ಪು, ಸಂಜೆ ಈ ರಸ ಎಂದು ಎರಡನ್ನೂ ಹಿಡಿಯುವುದರಲ್ಲಿ ಅರ್ಥವಿಲ್ಲ. ಗೂರಲು ಇರುವವರು ಇದನ್ನು ನಂಬಿ ಇನ್‌ಹೇಲರ್ ಬಿಡಬಾರದು.

ಪ್ರಶ್ನೆ: ಸೊಸೆಗೆ ಐದು ತಿಂಗಳು, ಕೆಮ್ಮು ಬಿಡುತ್ತಿಲ್ಲ. ಮನೆಯ ಮದ್ದಲ್ಲವೇ, ಕಷಾಯ ಕೊಡಬಹುದೇ? (ಶಿರಸಿಯ ಓದುಗರು)

ಉತ್ತರ: ಬೇಡವೇ ಬೇಡ. ವ್ಯಾಸಿಸಿನ್ ಗರ್ಭಕೋಶವನ್ನು ಸಂಕುಚಿಸುತ್ತದೆ. ಕಷಾಯ, ರಸ, ಆಡುಸೋಗೆಯಿಂದ ಮಾಡಿದ ಅಂಗಡಿಯ ವಾಸಾರಿಷ್ಟ, ಯಾವುದೂ ಬೇಡ. ಬಿಸಿನೀರಿನ ಹಬೆ, ಉಪ್ಪುನೀರಿನ ಮುಕ್ಕಳಿಕೆ ಸಾಕು, ಉಳಿದದ್ದನ್ನು ಹೆರಿಗೆ ವೈದ್ಯರಿಗೆ ಬಿಡಿ.

ಪ್ರಶ್ನೆ: ಕಫದಲ್ಲಿ ರಕ್ತದ ಎಳೆ ಕಾಣುತ್ತಿದೆ. ರಕ್ತಪಿತ್ತಕ್ಕೆ (ಆಯುರ್ವೇದ ಹೇಳುವ ರಕ್ತಸ್ರಾವದ ಕಾಯಿಲೆ) ಆಡುಸೋಗೆಯೇ ಮದ್ದು ಎನ್ನುತ್ತಾರಲ್ಲ? (ಹೊನ್ನಾವರದ ಓದುಗರು)

ಉತ್ತರ: ಶಾಸ್ತ್ರದಲ್ಲಿ ಹಾಗೆ ಹೇಳಿದ್ದು ನಿಜ. ಆದರೆ ರಕ್ತ ಬರುತ್ತಿರುವುದು ಎಲ್ಲಿಂದ ಎಂದು ಎಲೆ ಹೇಳುವುದಿಲ್ಲ. ರಕ್ತ ಕಂಡರೆ, ಅಥವಾ ಕೆಮ್ಮು ಎರಡು ವಾರ ದಾಟಿದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಮಾಡಿಸಿ. ಕ್ಷಯವಾಗಿದ್ದರೆ ಪರೀಕ್ಷೆ, ಮಾತ್ರೆ ಎರಡೂ ಅಲ್ಲಿ ಉಚಿತ. ನೀವು ಮನೆಮದ್ದು ಮಾಡುತ್ತ ಕಳೆಯುವ ತಿಂಗಳಲ್ಲಿ ಅದು ಮನೆಯವರಿಗೂ ಹಬ್ಬಬಹುದು.

ಪ್ರಶ್ನೆ: ಮಳೆಗಾಲದಲ್ಲಿ ಒಣಗಿಸಿದ ಎಲೆ ಬೂಸ್ಟು ಹಿಡಿಯಿತು. ಬೂಸ್ಟು ಒರೆಸಿ ಪುಡಿ ಮಾಡಬಹುದೇ? (ಅಂಕೋಲಾದ ಓದುಗರು)

ಉತ್ತರ: ಗೊಬ್ಬರದ ಗುಂಡಿಗೆ ಹಾಕಿ. ಕರಾವಳಿಯ ಆಷಾಢದಲ್ಲಿ ಹಪ್ಪಳವೇ ಮೆತ್ತಗಾಗುವಾಗ ಈ ದಪ್ಪ ಎಲೆ ಒಣಗುವುದೆಲ್ಲಿ? ಬೇಸಿಗೆಗೆ ಮೊದಲು, ಡಿಸೆಂಬರ್-ಜನವರಿಯ ಒಣ ಗಾಳಿಯಲ್ಲಿ, ನೆರಳಿನಲ್ಲಿ ಒಂದೇ ಪದರವಾಗಿ ಹರಡಿ. ಹಿಡಿದರೆ ಪುಡಿಯಾಗಬೇಕು. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಆದರೆ ಗಾಳಿ-ಬೆಳಕಿಗೆ ವ್ಯಾಸಿಸಿನ್ ಬದಲಾಗುತ್ತ ಹೋಗುತ್ತದೆ. ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಗಿಡ ಮನೆಯಲ್ಲೇ ಇದ್ದರೆ ಪುಡಿಯ ರಗಳೆಯೇ ಬೇಡ, ವರ್ಷವಿಡೀ ಹಸಿ ಎಲೆ ಸಿಗುತ್ತದೆ.

ಪ್ರಶ್ನೆ: ಅಡುಳಸಾ (ಆಡುಸೋಗೆಯ ಮರಾಠಿ ಹೆಸರು) ಎಂದು ತಂದ ಗಿಡದ ಎಲೆ ಸಪೂರ, ಕಾಂಡ ನೇರಳೆ. ಇದು ಅದೇನಾ? ಬೇಲಿಗೆ ಹಾಕುವುದು ಹೇಗೆ? (ಕಾರವಾರದ ಓದುಗರು)

ಉತ್ತರ: ನಿಮ್ಮದು ಕರಿನೆಕ್ಕಿ ಇರಬೇಕು. ಅದೇ ಕುಲದ್ದಾದರೂ ಮದ್ದು ಬೇರೆ, ಕುಡಿಯಲು ಬಳಸಬೇಡಿ. ಆಡುಸೋಗೆಯ ಎಲೆ ಅಂಗೈಗಿಂತ ಉದ್ದ, ನಡುವೆ ಅಗಲ, ತುದಿ ಚೂಪು, ಎದುರುಬದುರು ಜೋಡಿ. ಹೂವು ಬಿಳಿ, ಕೆಳತುಟಿಯ ಮೇಲೆ ನೇರಳೆ ಗೆರೆ. ಹೂ ಬಿಡುವವರೆಗೆ ಕಾದು ನೋಡುವುದೇ ಖಾತ್ರಿ.

ಬೆರಳು ದಪ್ಪದ, ಮೂರು ನಾಲ್ಕು ಗಿಣ್ಣಿರುವ ಒಂದು ಗೇಣು ಕಡ್ಡಿಯನ್ನು ಮಳೆ ಶುರುವಾದ ಮೇಲೆ ಎರಡು ಗಿಣ್ಣು ಮಣ್ಣೊಳಗಿರುವಂತೆ ನೆಡಿ. ಚಿರೆಕಲ್ಲು ನೆಲದಲ್ಲೂ ಬರುತ್ತದೆ, ನೀರು ನಿಂತರೆ ಮಾತ್ರ ಕೊಳೆಯುತ್ತದೆ. ಆದ್ದರಿಂದ ಅಗಳದ ಅಂಚಿಗಲ್ಲ, ದರೆಯ ಮೇಲೆ ಹಾಕಿ. ದನದ ಕಾಟವಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಈ ಗಿಡದ ಬಳಿ ಸೋಲುತ್ತದೆ.